ಬಯಲುಸೀಮೆಯ ಗುಳೆ, ಮಲೆನಾಡಿನ ಹೊಣೆ

(ನಮ್ಮ ಬಳಗದ ಬೇಸಿಗೆ ಶಿಬಿರದಲ್ಲಿ ಗ್ರಾಮಸ್ಥರನ್ನೂ ಕಾಲೇಜು ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಪರಿಸರ ಶಿಬಿರವೆಂದರೆ ಕಾಡು, ಹೊಳೆ, ಜೇನು, ಔಷಧಿಯ ಗಿಡಗಳ ಕುರಿತ ಮಾತು ಎಂಬುದು ವಾಡಿಕೆ. ಬೆಳಗಿನಿಂದ ತಾವು ಅಂತಹ ಮಾತುಗಳನ್ನು ಕೇಳಿದ್ದೀರಿ. ನಾನು ಮನುಷ್ಯರ ಕುರಿತು ಮಾತನಾಡಲು ತಮ್ಮ ಅನುಮತಿ ಕೋರುತ್ತೇನೆ. ಪ್ರತಿ ಬೇಸಿಗೆಯಲ್ಲೂ ನಮ್ಮ ಪೇಟೆಗಳ ಅಂಚಿನಲ್ಲಿ, ಕಟ್ಟುತ್ತಿರುವ ಮನೆಗಳ ಪಕ್ಕದಲ್ಲಿ, ತೋಟದ ತಲೆಕಟ್ಟಿನಲ್ಲಿ ನೀಲಿ ತಾಡಪಾಲಿನ ಗುಡಿಸಲುಗಳು ಏಳುತ್ತವೆ. ಮಳೆಗಾಲ ಹಿಡಿಯುವ ಹೊತ್ತಿಗೆ ಅವು ಇಲ್ಲವಾಗುತ್ತವೆ. ಅಲ್ಲಿದ್ದವರು ಯಾರು ಎಂದು ಯಾರಾದರೂ ಕೇಳಿದರೆ "ಬಳ್ಳಾರಿ ಕಡೆಯವರು" ಎಂಬ ಎರಡು ಶಬ್ದಗಳಲ್ಲಿ ನಾವು ಉತ್ತರ ಮುಗಿಸುತ್ತೇವೆ. ಆ ಎರಡು ಶಬ್ದಗಳ ಹಿಂದೆ ಏನಿದೆ ಎಂಬುದನ್ನು ಇಂದು ಸ್ವಲ್ಪ ಬಿಡಿಸಿ ನೋಡೋಣ.

ಬಳ್ಳಾರಿ ಕಡೆಯವರು ಎಂದು ನಾವು ಕರೆಯುವವರಲ್ಲಿ ಅನೇಕರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಜನ. ಈಗ ಅವರು ಬಳ್ಳಾರಿ ಜಿಲ್ಲೆಯವರೂ ಅಲ್ಲ. 1953ರ ಅಕ್ಟೋಬರ್ 1ರವರೆಗೆ ಆ ನಾಡು ಮದ್ರಾಸ್ ರಾಜ್ಯದಲ್ಲಿತ್ತು, ಆಮೇಲೆ ಮೈಸೂರಿಗೆ ಸೇರಿತು. ಹರಪನಹಳ್ಳಿಯನ್ನು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಕೊಟ್ಟರು, 2018ರಲ್ಲಿ ಮರಳಿ ಬಳ್ಳಾರಿಗೆ ತಂದರು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಈ ಐದೂ ತಾಲ್ಲೂಕುಗಳು ಅದರ ಪಾಲಾದವು. ಜಿಲ್ಲೆಯ ಹೆಸರು ಇಷ್ಟು ಸಲ ಬದಲಾದರೂ ಅಲ್ಲಿಯ ಬಡವರ ಬೇಸಿಗೆಯ ದಾರಿ ಬದಲಾಗಲಿಲ್ಲ. ಆ ದಾರಿಗೆ ಅವರು ಇಟ್ಟ ಹೆಸರು ಗುಳೆ.

ಒಂದೇ ಹೊಳೆಯ ಎರಡು ತುದಿ

ವಿದ್ಯಾರ್ಥಿಗಳು ಒಮ್ಮೆ ಭೂಪಟ ತೆರೆದು ನೋಡಬೇಕು. ತುಂಗೆಯೂ ಭದ್ರೆಯೂ ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗದ ಬಳಿಯ ಕೂಡ್ಲಿಯಲ್ಲಿ ಒಂದಾಗಿ, ಹೊನ್ನಾಳಿ, ಹರಿಹರಗಳನ್ನು ದಾಟಿ ಹರಪನಹಳ್ಳಿ ಮತ್ತು ಹಡಗಲಿ ತಾಲ್ಲೂಕುಗಳ ಅಂಚಿಗೆ ಹರಿಯುತ್ತವೆ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಯನ್ನು ಬಳಸಿಕೊಂಡು ಹೋಗಿ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಸೇರುತ್ತಾಳೆ. ಅಲ್ಲಿ ನದಿಯ ಆಚೆ ದಡವೇ ಹಡಗಲಿಯ ಸೀಮೆ. ನಮ್ಮ ಅಂಗಳದಲ್ಲಿ ಬಿದ್ದ ಮಳೆಯ ಒಂದು ಭಾಗ ಮೈಲಾರದ ಜಾತ್ರೆಯ ಜನ ಮೀಯುವ ಹೊಳೆಯಾಗುತ್ತದೆ ಎಂಬುದು ಕವಿಯ ಕಲ್ಪನೆಯಲ್ಲ, ಭೂಗೋಳದ ಸತ್ಯ. ಮಳೆಗಾಲದಲ್ಲಿ ನಮ್ಮ ನೀರು ಅವರಲ್ಲಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಅವರ ಮಕ್ಕಳು ನಮ್ಮಲ್ಲಿಗೆ ಏರಿ ಬರುತ್ತಾರೆ.

ಹೊಳೆ ಹರಿಯುವ ನಾಡಿನವರು ಗುಳೆ ಹೋಗುವುದೇಕೆ? ಹೊಳೆ ಹರಿಯುವುದು ತಾಲ್ಲೂಕಿನ ಅಂಚಿನಲ್ಲಿ. ಹೊಲಗಳಿರುವುದು ಒಳಗೆ, ಮೇಲೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿದರೆ, ಘಟ್ಟದ ಮರೆಯಲ್ಲಿರುವ ಆ ಸೀಮೆಗೆ ಸಿಗುವುದು 600ರ ಆಸುಪಾಸು. ಅದೂ ಹೇಳಿದ ನಕ್ಷತ್ರಕ್ಕೆ ಬರುವುದಿಲ್ಲ. ಮೆಕ್ಕೆಜೋಳ, ಶೇಂಗಾ, ಜೋಳ, ಸಜ್ಜೆ, ಈರುಳ್ಳಿ ಎಲ್ಲವೂ ಬಹುಪಾಲು ಮುಗಿಲನ್ನೇ ನಂಬಿದ ಬೆಳೆಗಳು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಂಗೆಡಿಸಿದ ಕ್ಷಾಮ, ಧಾತು ಮತ್ತು ಈಶ್ವರ ಸಂವತ್ಸರಗಳ ಬರ, ಅತಿ ಹೆಚ್ಚು ಜೀವಗಳನ್ನು ಕೊಂಡೊಯ್ದ ಪ್ರದೇಶಗಳಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯೂ ಒಂದು. ಬರ ಅಲ್ಲಿಯ ಜನರಿಗೆ ಸುದ್ದಿಯಲ್ಲ, ಮನೆತನದ ನೆನಪು.

ಆ ಬರಕ್ಕೆ ಅಣೆಕಟ್ಟೆಯೇ ಉತ್ತರವೆಂದು ಕಳೆದ ಶತಮಾನ ನಂಬಿತು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಜಲಾಶಯದಲ್ಲಿ 1953ರ ಹೊತ್ತಿಗೆ ನೀರು ನಿಂತಿತು. ಸುಮಾರು 90 ಹಳ್ಳಿಗಳ 54,000ಕ್ಕೂ ಹೆಚ್ಚು ಜನ ಮನೆ ಬಿಟ್ಟೆದ್ದರು. ನಾರಾಯಣದೇವರಕೆರೆ ಮುಳುಗಿತು, ಅಲ್ಲಿಯವರು ಮರಿಯಮ್ಮನಹಳ್ಳಿಯಲ್ಲಿ ಹೊಸ ಬದುಕು ಕಟ್ಟಿಕೊಂಡರು. ಕಾಲುವೆಯ ನೀರು ಮಾತ್ರ ಹೆಚ್ಚಾಗಿ ಅಣೆಕಟ್ಟೆಯ ಕೆಳಗಿನ ರಾಯಚೂರು, ಕೊಪ್ಪಳ, ಸಿರುಗುಪ್ಪಗಳ ಕಡೆಗೆ ಹೋಯಿತು. ಹಿನ್ನೀರಿನ ಮೇಲ್ಭಾಗದ ಒಣಹೊಲಗಳವರು ನೀರನ್ನು ಕಣ್ಣಿನಿಂದ ಕಂಡರೇ ಹೊರತು ಬೊಗಸೆಯಲ್ಲಿ ಹಿಡಿಯಲಿಲ್ಲ. 133 ಟಿಎಂಸಿ ಅಡಿ ಹಿಡಿಯಬೇಕಾಗಿದ್ದ ಆ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ ಅದರ 19ನೆಯ ಗೇಟು ಕೊಚ್ಚಿಹೋದಾಗ ಮುಂದಿನ ಬೆಳೆಯ ಗತಿಯೇನೆಂದು ಇಡೀ ಸೀಮೆ ನಡುಗಿದ್ದು ತಮಗೆ ನೆನಪಿರಬಹುದು.

ಶರಾವತಿಯ ಕಣಿವೆಯಿಂದ ಬಂದ ಹಿರಿಯರು ಈ ಸಭೆಯಲ್ಲಿದ್ದೀರಿ. ಲಿಂಗನಮಕ್ಕಿಯ ನೀರು ಮೇಲೇರಿದ 1964ರ ಸುಮಾರಿನಲ್ಲಿ ಗಂಟು ಕಟ್ಟಿಕೊಂಡು ಹೊಸ ಊರಿಗೆ ಹೋದ ಮನೆಗಳು ತಮ್ಮಲ್ಲಿ ಎಷ್ಟಿಲ್ಲ! ಹೊಸ ಊರಿನಲ್ಲಿ ಮೊದಲ ದಿನ ಯಾರ ಬಾವಿಯಿಂದ ನೀರು ಸೇದುವುದೆಂದು ತಿಳಿಯದೆ ನಿಂತ ಹೆಂಗಸಿನ ಕಷ್ಟವನ್ನು ತಮಗೆ ನಾನು ವಿವರಿಸಬೇಕಾಗಿಲ್ಲ.

ಒಂದು ಜೋಡಿಯ ಬೇಸಿಗೆ

ಗುಳೆಯ ಕುರಿತು ಮಾತನಾಡುವಾಗ ನಾವು ಗುಂಪನ್ನು ನೋಡುತ್ತೇವೆ, ಮನುಷ್ಯರನ್ನು ಮರೆಯುತ್ತೇವೆ. ಆದ್ದರಿಂದ ಒಂದು ಜೋಡಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಅವರಿಗೆ ಹೆಸರಿಡುವುದಿಲ್ಲ. ಇದು ಒಬ್ಬಿಬ್ಬರ ಕಥೆಯಲ್ಲ, ಅನೇಕ ಜೋಡಿಗಳ ಬದುಕನ್ನು ಕೂಡಿಸಿ ಬಿಡಿಸಿದ ಚಿತ್ರ.

ಊರು ಕೊಟ್ಟೂರಿನ ಆಸುಪಾಸು. ಹೋದ ವೈಶಾಖದಲ್ಲಿ ಮದುವೆ. ಅಣ್ಣನ ಜೊತೆ ಹಂಚಿಕೊಂಡ ಎರಡು ಎಕರೆ ಕೆಂಪು ಮಣ್ಣಿನ ಹೊಲ. ಮೆಕ್ಕೆಜೋಳ ಕೈಗೆ ಬಂದದ್ದು ಬೀಜ, ಗೊಬ್ಬರದ ಸಾಲಕ್ಕೆ ಸರಿಹೋಯಿತು. ಕೊರೆದ ಬೋರಿನಲ್ಲಿ ಧೂಳು ಬಂತು. ಮದುವೆಯ ಸಾಲ ಹಾಗೇ ಉಳಿಯಿತು. ಮಾಘ ಕಳೆಯುತ್ತಿದ್ದಂತೆ ಕೊಟ್ಟೂರೇಶ್ವರನ ತೇರು ಎಳೆದು, ಮೇಸ್ತ್ರಿಯಿಂದ ಮುಂಗಡ ಹಿಡಿದು ಗಂಡ ಹೆಂಡಿರು ಹೊರಡುತ್ತಾರೆ. ಗಂಟಿನಲ್ಲಿ ಒಂದು ಕೌದಿ, ಪ್ಲಾಸ್ಟಿಕ್ ಕೊಡ, ಒಣಗಿಸಿದ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಹತ್ತು ಸೇರು ಜೋಳದ ಹಿಟ್ಟು. ಹರಪನಹಳ್ಳಿ, ದಾವಣಗೆರೆ, ಶಿವಮೊಗ್ಗ ದಾಟಿ ಬೆಳಗಿನ ಜಾವ ನಮ್ಮ ಪೇಟೆಯ ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ. 2023ರ ಜೂನ್‌ನಿಂದ ಹೆಂಗಸಿಗೆ ಬಸ್ಸಿನ ಖರ್ಚಿಲ್ಲ, ಅದೊಂದು ಉಳಿತಾಯ.

ಮೊದಲ ವಾರ ಹೊಸತನವೇ ದಣಿವು. ಅವಳು ಇಷ್ಟು ಮರಗಳನ್ನು ಒಟ್ಟಿಗೆ ಕಂಡವಳಲ್ಲ. ಸಂಜೆಯಾದರೆ ಕಾಡಿನ ಕಡೆಯಿಂದ ಬರುವ ಸದ್ದಿಗೆ ಅಂಜುತ್ತಾಳೆ. ಗುಡಿಸಲು ಹಾಕಿದ್ದು ಅರೆಬರೆ ಎದ್ದ ಮನೆಯೊಂದರ ಪಕ್ಕ. ಅಂಗಡಿಗೆ ಹೋಗಿ "ಜ್ವಾಳದ ಹಿಟ್ಟು ಐತೇನ್ರೀ ಅಕ್ಕಾರೆ?" ಎಂದು ಕೇಳುತ್ತಾಳೆ. "ಇಲ್ಲ ಕಣಮ್ಮಾ, ಗೋಧಿ ಹಿಟ್ಟಿದೆ, ಕೊಡ್ಲಾ?" ಎಂಬ ಉತ್ತರ ಬರುತ್ತದೆ. ಇಬ್ಬರೂ ಕನ್ನಡಿಗರೇ. ಆದರೂ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಪರಕೀಯ. ತಾಂಡಾದಿಂದ ಬಂದ ಲಂಬಾಣಿ ಜೋಡಿಯಾದರೆ ಆ ದೂರ ಇನ್ನೂ ಒಂದು ಹೆಜ್ಜೆ ಹೆಚ್ಚು, ಮನೆಮಾತೇ ಬೇರೆ.

ಬೇಸಿಗೆಯ ಕೆಲಸಗಳನ್ನು ತಾವೇ ಬಲ್ಲಿರಿ. ಅಡಕೆ ತೋಟದ ಬಸಿಗಾಲುವೆ ತೆಗೆಯುವುದು, ಮರದ ಬುಡಕ್ಕೆ ಹೊಸಮಣ್ಣು ಹಾಕುವುದು, ಕೊಟ್ಟಿಗೆಗೆ ದರಕು ಗುಡಿಸಿ ತರುವುದು, ಗಿಡ ನೆಡಲು ಗುಂಡಿ ತೋಡುವುದು, ಮನೆಯ ಅಡಿಪಾಯ ಅಗೆಯುವುದು, ಏಪ್ರಿಲ್ ಬಂತೆಂದರೆ ಶುಂಠಿಯ ಪಟ್ಟೆ ಏರಿಸುವುದು. ಕೂಲಿಯ ಲೆಕ್ಕ ನಡೆಯುವುದು ಜೋಡಿಗೆ. ಹಣ ಬೀಳುವುದು ಗಂಡನ ಕೈಗೆ. ಇಬ್ಬರಿಗೂ ಬೇರೆ ಬೇರೆ ಕೊಟ್ಟ ಕಡೆಯಲ್ಲೂ ಹೆಣ್ಣಾಳಿಗೆ ಕಡಿಮೆ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬುದು 1976ರಿಂದಲೂ ಈ ದೇಶದ ಕಾನೂನು ಎಂಬುದನ್ನು ತೋಟದ ಒಡೆಯರಿಗೆ ಯಾರೂ ಹೇಳಿಲ್ಲ, ಹೇಳಿದರೂ ಅವರು ಕೇಳಿಸಿಕೊಂಡಿಲ್ಲ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯಲು ಹೋಗುವ ಗಂಡ ಹೆಂಡಿರ ಜೋಡಿಗೆ ಕೋಯ್ತಾ ಎನ್ನುತ್ತಾರೆ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರು ಸೇರಿ ಒಂದು ಕತ್ತಿಯಾಗುವ ಲೆಕ್ಕ ಅದು. ನಮ್ಮಲ್ಲಿ ಆ ಶಬ್ದವಿಲ್ಲ, ಲೆಕ್ಕ ಅದೇ ಇದೆ.

ಕೆಲಸಕ್ಕಿಂತ ಕಠಿಣವಾದದ್ದು ಕೆಲಸದ ಆಚೆಗಿನ ಬದುಕು. ಕುಡಿಯುವ ನೀರಿಗೆ ಯಾರ ನಲ್ಲಿ? ಬಹಿರ್ದೆಸೆಗೆ ಯಾವ ಮರೆ? ಒಲೆಗೆ ಯಾವ ಸೌದೆ? ಬೆಳಕು ಹರಿಯುವ ಮುನ್ನ ಅವಳು ಅಕೇಶಿಯಾ ನೆಡುತೋಪಿನ ಕಡೆ ಹೋಗಿ ಬರಬೇಕು, ಇಲ್ಲವೇ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ಹಾಗೆ ತಡೆಯಲೆಂದೇ ಹಗಲಿಡೀ ನೀರು ಕುಡಿಯದೆ ಬಿಸಿಲಿನಲ್ಲಿ ಮಣ್ಣು ಹೊರುವ ಹೆಂಗಸರಿದ್ದಾರೆ. ಒಣಕಡ್ಡಿ ಆರಿಸಿ ತರುವಾಗ ಅರಣ್ಯ ಕಾವಲುಗಾರನ ಗದರಿಕೆ ಕೇಳಬೇಕು, ನಮ್ಮಂಥ ಪರಿಸರಪ್ರೇಮಿಗಳ ಗೊಣಗಾಟವನ್ನೂ ಕೇಳಬೇಕು.

ಹೀಗಿದ್ದರೂ ಊರು ನಿಧಾನವಾಗಿ ಅವರಿಗೆ ಒಗ್ಗುತ್ತದೆ. ಪಕ್ಕದ ಮನೆಯ ಅಮ್ಮ ಒಂದು ದಿನ ಚೊಂಬು ಮಜ್ಜಿಗೆ ಕೊಡುತ್ತಾರೆ. ಇವಳು ಮರುದಿನ ಎರಡು ರೊಟ್ಟಿ, ಒಂದಿಷ್ಟು ಗುರೆಳ್ಳು ಪುಡಿ ಕಟ್ಟಿ ಕೊಡುತ್ತಾಳೆ. ತಂಬುಳಿ ಎಂದರೇನೆಂದು ಅವಳಿಗೆ ತಿಳಿಯುತ್ತದೆ, ಕೈಯಲ್ಲಿ ತಟ್ಟಿದ ಜೋಳದ ರೊಟ್ಟಿ ಎಷ್ಟು ತೆಳುವಾಗಬಲ್ಲದೆಂದು ಅಮ್ಮನಿಗೆ ತಿಳಿಯುತ್ತದೆ. ಅಂಗಡಿಯವರು ಇವರಿಗಾಗಿಯೇ ಒಂದು ಚೀಲ ಜೋಳ ತರಿಸಿಡುತ್ತಾರೆ. ಅವನಿಗೆ ತೋಟದ ಕೆಲಸದ ಹದ ಸಿಗುತ್ತದೆ. ಹೊಸದಾಗಿ ಮದುವೆಯಾದ ಇಬ್ಬರಿಗೆ ಅತ್ತೆ ಮಾವ, ಅಣ್ಣ ಅತ್ತಿಗೆಯರಿಲ್ಲದ ಮನೆ ಸಿಕ್ಕಿರುವುದೂ ಇದೇ ಮೊದಲು, ಅದು ತಾಡಪಾಲಿನದಾದರೂ ಸರಿಯೇ. ರಾತ್ರಿ ಒಲೆಯ ಮುಂದೆ ಕುಳಿತು ಸಾಲ ಎಷ್ಟು ತೀರಿತು, ಇನ್ನೆಷ್ಟು ಉಳಿಯಿತು ಎಂದು ಇಬ್ಬರೂ ಎಣಿಸುತ್ತಾರೆ. ಅಷ್ಟರಲ್ಲಿ ಮೇ ಮುಗಿಯುತ್ತ ಬರುತ್ತದೆ. ರೋಹಿಣಿ ಮಳೆಗೆ ಹೊಲ ಹಸನಾಗಿರಬೇಕು, ಬೀಜ ಕೈಯಲ್ಲಿರಬೇಕು. ಊರು ಪರಿಚಯವಾಗುವ ಹೊತ್ತಿಗೆ ಊರು ಬಿಡುವ ಕಾಲ ಬರುತ್ತದೆ. ಮುಂದಿನ ವರ್ಷ ಮೇಸ್ತ್ರಿ ಅವರನ್ನು ಈ ಪೇಟೆಗೇ ಕರೆತರುತ್ತಾನೆಂಬ ಖಾತರಿಯಿಲ್ಲ. ಬೆಂಗಳೂರಿನ ಕಟ್ಟಡವಾಗಬಹುದು, ಮಂಡ್ಯದ ಕಬ್ಬಿನ ಗದ್ದೆಯಾಗಬಹುದು, ಚಿಕ್ಕಮಗಳೂರಿನ ಕಾಫಿ ತೋಟದ ಲೈನ್ ಮನೆಯಾಗಬಹುದು. ಅಲ್ಲಿ ಮತ್ತೆ ಮೊದಲಿನಿಂದ ಆರಂಭ.

ನಮಗೆ ತಿಳಿದು ಅವರಿಗೆ ತಿಳಿಯದ ಅಪಾಯ

ಈಗ ನಮ್ಮ ಬಳಗಕ್ಕೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ನಮಗೆ ಹೊಸತಲ್ಲ. ಅದು ಹರಡುವುದು ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಸರಿಯಾಗಿ ಗುಳೆಯ ಕಾಲದಲ್ಲಿ. ಒಣ ತರಗೆಲೆಯಲ್ಲಿರುವ ಎಳೆಯ ಉಣುಗುಗಳು ಕಚ್ಚುವುದರಿಂದ ರೋಗ ಮನುಷ್ಯನಿಗೆ ಬರುತ್ತದೆ. ಮಂಗ ಸತ್ತ ಜಾಗದಲ್ಲಿ ಅಂತಹ ಉಣುಗು ಹೆಚ್ಚು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಎಷ್ಟು ಮನೆಗಳ ದೀಪ ಆರಿಸಿತೆಂಬುದನ್ನು ನಾವು ಕಂಡಿದ್ದೇವೆ. ದಶಕಗಳ ಕಾಲ ಕೊಟ್ಟ ಹಳೆಯ ಲಸಿಕೆಯ ಫಲ ಸಾಲದೆಂದು ಕಂಡುಬಂದು 2022ರಿಂದ ಅದನ್ನೂ ನಿಲ್ಲಿಸಲಾಗಿದೆ. ಆದ್ದರಿಂದ ಕಾಡಿಗೆ ಹೋಗುವ ಮುನ್ನ ಡೇಪಾ ತೈಲ ಹಚ್ಚಿಕೊಳ್ಳುವುದು, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯುವುದು, ಮಂಗ ಸತ್ತರೆ ತಕ್ಷಣ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಎಂಬ ಎಚ್ಚರವೇ ಉಳಿದ ರಕ್ಷೆ.

ಈ ಎಚ್ಚರವನ್ನು ನಾವು ಮನೆಮನೆಗೆ ಹೇಳಿದ್ದೇವೆ. ಮನೆಯೇ ಇಲ್ಲದವರಿಗೆ ಹೇಳಿದವರು ಯಾರು? ದರಕು ಗುಡಿಸಲು ನಾವು ಕಳುಹಿಸುವುದು ಯಾರನ್ನು? ಕೊಟ್ಟೂರಿನಿಂದ ಬಂದವನಿಗೆ ಕುರಿಯ ಮೈಮೇಲಿನ ಉಣ್ಣೆ ಗೊತ್ತು, ಅದು ಕಚ್ಚಿ ಮನುಷ್ಯ ಸಾಯುತ್ತಾನೆಂಬುದು ಗೊತ್ತಿಲ್ಲ. ಸ್ನಾನಕ್ಕೆ ಬಿಸಿನೀರು ಕಾಯಿಸಬೇಕೆಂದರೆ ಅವನ ಗುಡಿಸಲಿನಲ್ಲಿ ಸೌದೆಯೂ ಇಲ್ಲ, ನೀರೂ ಇಲ್ಲ. ಇನ್ನೊಂದು ಸೂಕ್ಷ್ಮವಿದೆ. ಜ್ವರ ಬಂದರೆ ಊರಿಗೆ ಹೋಗಿಬಿಡುವುದು ಗುಳೆಯವರ ರೂಢಿ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಅವನು ಬಯಲುಸೀಮೆಯ ಯಾವುದೋ ಆಸ್ಪತ್ರೆಯ ಬೆಂಚಿನ ಮೇಲಿರುತ್ತಾನೆ. ಮಂಗನ ಕಾಯಿಲೆಯಿಲ್ಲದ ಸೀಮೆಯ ವೈದ್ಯರು ಅದನ್ನು ಹೇಗೆ ಊಹಿಸಬೇಕು? "ನಾನು ಇಂಥ ಕಾಡಿನಲ್ಲಿ ದರಕು ಗುಡಿಸಿದ್ದೆ" ಎಂದು ಅವನು ಹೇಳಬೇಕಾದರೆ, ಅದನ್ನು ಹೇಳಬೇಕೆಂದು ಮೊದಲು ನಾವು ಅವನಿಗೆ ಹೇಳಿರಬೇಕು.

ಕಾನೂನಿನ ಕಣ್ಣಿಗೆ ಬೀಳದವರು

ಸರ್ಕಾರವಿಲ್ಲವೇ, ಕಾನೂನಿಲ್ಲವೇ ಎಂದು ತಾವು ಕೇಳಬಹುದು. ಕಾನೂನುಗಳಿವೆ. ಅವು ಈ ಜೋಡಿಯ ಪಕ್ಕದಿಂದ ಹಾದುಹೋಗುತ್ತವೆ. ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಬಂದ ಕಾಯ್ದೆ ರಾಜ್ಯದ ಗಡಿ ದಾಟಿದವರನ್ನು ಮಾತ್ರ ವಲಸಿಗರೆಂದು ಎಣಿಸಿತು. ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯೂ ಅಂತರರಾಜ್ಯ ಎಂಬ ಪದವನ್ನು ಬಿಟ್ಟಿಲ್ಲ. ಕೂಡ್ಲಿಗಿಯಿಂದ ಸಾಗರಕ್ಕೆ ಬಂದವರು ಯಾವ ಗಡಿಯನ್ನೂ ದಾಟಿಲ್ಲವಲ್ಲ! ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಮೂವತ್ತು ದಿನ ತೋಟ, ಇಪ್ಪತ್ತು ದಿನ ಅಡಿಪಾಯ, ಮತ್ತೆ ಇಪ್ಪತ್ತು ದಿನ ಶುಂಠಿ ಎಂದು ಬೇಸಿಗೆ ಹಂಚಿಹೋದವರಿಗೆ ಆ ಲೆಕ್ಕ ಕೂಡಿಬರುವುದಿಲ್ಲ.

ಊರಲ್ಲೇ ಕೆಲಸ ಕೊಡಬೇಕೆಂದು 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಭರವಸೆ ನೀಡಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ 125 ದಿನಗಳ ಮಾತಾಡುವ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ದಿನಗಳ ಸಂಖ್ಯೆಗಿಂತ ದೊಡ್ಡ ಪ್ರಶ್ನೆ ಒಂದಿದೆ. ಕೆಲಸ ಬೇಡಿದಾಗ ಸಿಗಬೇಕು, ಕೂಲಿ ವಾರ ತಿರುಗುವುದರೊಳಗೆ ಕೈಗೆ ಬರಬೇಕು. ಸಾಲಗಾರ ಬಾಗಿಲಿಗೆ ಬಂದು ನಿಂತಿರುವಾಗ ತಿಂಗಳುಗಟ್ಟಲೆ ಬ್ಯಾಂಕಿನ ಕಡೆ ನೋಡುತ್ತ ಕೂರಲು ಯಾರಿಂದಾದೀತು? ಮೇಸ್ತ್ರಿಯ ಮುಂಗಡ ಗೆಲ್ಲುವುದು ಅಲ್ಲಿಯೇ.

2020ರ ಮಾರ್ಚ್ 25ನ್ನು ನೆನಪಿಸಿಕೊಳ್ಳಿ. ಅಂದು ಯುಗಾದಿ. ಅಂದಿನಿಂದಲೇ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಹಬ್ಬಕ್ಕೆ ಊರು ಸೇರಬೇಕೆಂದಿದ್ದವರು ಎಲ್ಲಿದ್ದರೋ ಅಲ್ಲಿಯೇ ಸಿಕ್ಕಿಕೊಂಡರು. ಹಾಗೆ ಸಿಕ್ಕಿಕೊಂಡವರು ಎಷ್ಟು ಮಂದಿ, ಯಾವ ಊರಿನವರು ಎಂಬ ಪಟ್ಟಿ ಅವರನ್ನು ದುಡಿಸಿಕೊಳ್ಳುತ್ತಿದ್ದ ಊರುಗಳಲ್ಲೇ ಇರಲಿಲ್ಲ. ಪಟ್ಟಿಯಲ್ಲಿಲ್ಲದವರಿಗೆ ಅಕ್ಕಿ ಹಂಚುವುದಾದರೂ ಹೇಗೆ?

ನಮ್ಮ ಎರಡು ಅಳತೆಗೋಲು

ನಮ್ಮ ಬಳಗದ ಕೆಲವರು ಒಂದು ಆಕ್ಷೇಪವೆತ್ತುತ್ತಾರೆ. ಹೊರಗಿನವರು ಬಂದು ಕಾಡಿನ ಸೌದೆ ಕಡಿಯುತ್ತಾರೆ, ಹಳ್ಳವನ್ನು ಹೊಲಸು ಮಾಡುತ್ತಾರೆ ಎಂದು. ಆಕ್ಷೇಪ ಪೂರ್ಣ ಸುಳ್ಳಲ್ಲ. ಆದರೆ ಗಂಡ ಹೆಂಡಿರ ಒಲೆಗೆ ಮೂರು ತಿಂಗಳಲ್ಲಿ ಬೇಕಾಗುವ ಒಣಕಡ್ಡಿ ಎಷ್ಟು? ಶುಂಠಿಗೆಂದು ಬೋಳಾದ ಗುಡ್ಡದ ಮರ ಎಷ್ಟು? ಆ ಗುಡ್ಡವನ್ನು ಬೋಳಿಸಲು ಹೇಳಿದವರು ಯಾರು, ಬೋಳಿಸಿದ ಕೈ ಯಾರದು? ಕೈಯನ್ನು ಕಂಡು ಬಾಯನ್ನು ಮರೆಯುವುದು ಪರಿಸರ ಪ್ರಜ್ಞೆಯಲ್ಲ. ಶೌಚಾಲಯ ಕಟ್ಟಿಸಿಕೊಡದೆ ಹಳ್ಳ ಹೊಲಸಾಯಿತೆನ್ನುವುದು ನ್ಯಾಯವೂ ಅಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಬೇಸರಿಸಬೇಡಿ. ನಮ್ಮ ಹಳ್ಳಿಗಳ ತರುಣರು ಎಲ್ಲಿದ್ದಾರೆ? ನಮ್ಮ ಮಗ ಸೊಸೆ ಬೆಂಗಳೂರಿಗೆ ಹೋಗಿ ಬಾಡಿಗೆ ಮನೆ ಹಿಡಿದರೆ ನಾವು ಹೆಮ್ಮೆಯಿಂದ "ಸೆಟ್ಲ್ ಆದರು" ಎನ್ನುತ್ತೇವೆ. ಅವರು ಹೊಸ ಊರಿಗೆ ಒಗ್ಗಲೆಂದು ಪರಿಚಯದವರಿಗೆಲ್ಲ ಫೋನು ಮಾಡುತ್ತೇವೆ, ಕೊಬ್ಬರಿ ಎಣ್ಣೆ, ಉಪ್ಪಿನಕಾಯಿ ಕಳುಹಿಸುತ್ತೇವೆ. ಅವರು ಖಾಲಿ ಮಾಡಿದ ತೋಟದ ಕೆಲಸಕ್ಕೆ ಹಡಗಲಿಯ ಒಬ್ಬ ಮಗ, ಒಬ್ಬ ಸೊಸೆ ಬಂದಾಗ "ಗುಳೆಯವರು ಬಂದಿದ್ದಾರೆ" ಎನ್ನುತ್ತೇವೆ. ಎರಡೂ ವಲಸೆಯೇ. ಒಂದರ ಹಿಂದೆ ಆಯ್ಕೆಯಿದೆ, ಇನ್ನೊಂದರ ಹಿಂದೆ ಸಾಲವಿದೆ. ವ್ಯತ್ಯಾಸ ಇಷ್ಟೇ. ಇಷ್ಟು ವ್ಯತ್ಯಾಸಕ್ಕೆ ಒಬ್ಬರಿಗೆ ಮನೆ, ಇನ್ನೊಬ್ಬರಿಗೆ ತಾಡಪಾಲು ಎಂಬ ತೀರ್ಪು ಕೊಟ್ಟವರು ಯಾರು?

2024ರ ಜನವರಿಯಲ್ಲಿ ಕರ್ನಾಟಕದ ಮೂರು ತಾಣಗಳು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳಾದವು. ನಮ್ಮ ಅಘನಾಶಿನಿಯ ಅಳಿವೆ ಒಂದು, ಗದಗ ಜಿಲ್ಲೆಯ ಮಾಗಡಿ ಕೆರೆ ಇನ್ನೊಂದು, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಮೂರನೆಯದು. ಅಂಕಸಮುದ್ರ ಒಂದು ಊರ ಕೆರೆ. ಜಾಲಿಮರಗಳ ನಡುವೆ ನೀರು ನಿಂತು ಸಾವಿರಾರು ಹಕ್ಕಿಗಳಿಗೆ ಆಸರೆಯಾದ ಕೆರೆ. ವಲಸೆ ಹಕ್ಕಿಗೆ ಇಳಿಯಲು ಜಾಗ ಬೇಕೆಂದು ಲೋಕದ ರಾಷ್ಟ್ರಗಳು 1971ರಲ್ಲೇ ಒಪ್ಪಂದ ಮಾಡಿಕೊಂಡವು. ಒಳ್ಳೆಯದೇ ಆಯಿತು. ಆ ಕೆರೆಯ ಸೀಮೆಯಿಂದ ಏಳುವ ಮನುಷ್ಯರಿಗೂ ಇಳಿಯಲು ಒಂದು ಜಾಗ ಬೇಕು. ಅದಕ್ಕೆ ರಾಷ್ಟ್ರಗಳ ಒಪ್ಪಂದ ಬೇಡ, ಒಂದು ಊರಿನ ಒಪ್ಪಿಗೆ ಸಾಕು.

ನಾವು ಮಾಡಬಹುದಾದದ್ದು

ಕೊನೆಯದಾಗಿ, ಈ ಬೇಸಿಗೆಯಿಂದಲೇ ಕೈಗೆತ್ತಿಕೊಳ್ಳಬಹುದಾದ ಕೆಲವು ಕೆಲಸಗಳನ್ನು ಸಭೆಯ ಮುಂದಿಡುತ್ತೇನೆ.

ಮೊದಲನೆಯದು, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಗುಳೆ ವಹಿ ಇರಬೇಕು. ಯಾರು ಬಂದಿದ್ದಾರೆ, ಯಾವ ಊರಿನವರು, ಯಾರ ಬಳಿ ಕೆಲಸ, ಜೊತೆಯಲ್ಲಿ ಮಕ್ಕಳೆಷ್ಟು ಎಂದು ಬರೆದಿಡಬೇಕು. ಇದು ಪೊಲೀಸರಿಗಾಗಿ ಬರೆಯುವ ಪಟ್ಟಿಯಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ, ಶಾಲೆಗಳವರು ಹುಡುಕಿಕೊಂಡು ಹೋಗಲು ಬೇಕಾದ ವಿಳಾಸ.

ಎರಡನೆಯದು, ಮಂಗನ ಕಾಯಿಲೆಯ ತಿಳುವಳಿಕೆಯೂ ಡೇಪಾ ತೈಲವೂ ಮೊದಲು ಗುಡಿಸಲುಗಳಿಗೆ ಮುಟ್ಟಬೇಕು. ದರಕಿಗೆ ಆಳನ್ನು ಕಳುಹಿಸುವವರು ತೈಲವನ್ನೂ ಕೈಗಿಟ್ಟು ಕಳುಹಿಸಬೇಕು. ಊರಿಗೆ ಹೊರಟವರ ಕೈಯಲ್ಲಿ "ಇವರು ಮಂಗನ ಕಾಯಿಲೆಯ ಪ್ರದೇಶದಲ್ಲಿ ಕೆಲಸ ಮಾಡಿದ್ದಾರೆ, ಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಿ" ಎಂದು ಬರೆದ ಒಂದು ಚೀಟಿ ಇರಬೇಕು. ಒಂದು ಚೀಟಿಗೆ ಖರ್ಚೇನೂ ಇಲ್ಲ, ಅದು ಉಳಿಸುವುದು ಜೀವ.

ಮೂರನೆಯದು, ನೀರು, ಶೌಚಾಲಯ, ಸೌದೆ ಈ ಮೂರೂ ಕೆಲಸ ಕೊಟ್ಟವರ ಹೊಣೆ. ತೋಟದ ಒಣಸೋಗೆ, ಅಡಕೆ ಸಿಪ್ಪೆ ನಮ್ಮಲ್ಲಿ ಹೇರಳವಾಗಿದೆ. ಒಲೆಗೆ ಅದನ್ನು ಕೊಟ್ಟರೆ ಕಾಡೂ ಉಳಿಯುತ್ತದೆ, ಅವಳ ಮಾನವೂ ಉಳಿಯುತ್ತದೆ.

ನಾಲ್ಕನೆಯದು, ಪಡಿತರ ಚೀಟಿಯನ್ನು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬಳಸಬಹುದೆಂಬುದು ಅವರಲ್ಲಿ ಅನೇಕರಿಗೆ ತಿಳಿಯದು, ಕೆಲವು ಅಂಗಡಿಯವರೂ ಹೇಳುವುದಿಲ್ಲ. ಬಸುರಿಯ ತಾಯಿ ಕಾರ್ಡ್ ಕೂಡ್ಲಿಗಿಯದಾದರೂ ತಪಾಸಣೆ ಇಲ್ಲಿ ನಡೆಯಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರವಿಲ್ಲವೆಂದು ಶಾಲೆ ಮಗುವನ್ನು ಹಿಂದೆ ಕಳುಹಿಸುವಂತಿಲ್ಲ. ಇದನ್ನೆಲ್ಲ ಜೊತೆಯಲ್ಲಿ ನಿಂತು ಮಾಡಿಸಿಕೊಡಲು ಪ್ರತಿ ಊರಿಗೆ ಇಬ್ಬರು ವಿದ್ಯಾರ್ಥಿಗಳು ಸಾಕು.

ಐದನೆಯದು, ಕೂಲಿಯನ್ನು ಜೋಡಿಗೆ ಕೊಡಬೇಡಿ. ಅವನದು ಅವನಿಗೆ, ಅವಳದು ಅವಳಿಗೆ ಕೊಡಿ, ಸಮನಾಗಿ ಕೊಡಿ.

ವಿದ್ಯಾರ್ಥಿಗಳಿಗೆ ವಿಶೇಷವಾಗಿ ಒಂದು ಕೋರಿಕೆ. ಆ ಗುಡಿಸಲುಗಳಿಗೆ ಹೋದಾಗ ನಿಮ್ಮ ಊರಿನ ಕೆರೆ ಹೇಗಿದೆ ಎಂದು ಕೇಳಿ. ಏರಿ ಒಡೆದಿದೆಯೇ, ಹೂಳು ತುಂಬಿದೆಯೇ, ನೀರು ಬರುವ ಹಳ್ಳವನ್ನು ಯಾರಾದರೂ ಉತ್ತುಬಿಟ್ಟಿದ್ದಾರೆಯೇ ಎಂದು ಕೇಳಿ ಬರೆದುಕೊಳ್ಳಿ. ಗುಳೆಗೆ ಮದ್ದು ಮಲೆನಾಡಿನಲ್ಲಿಲ್ಲ. ಅದು ಆ ಊರುಗಳ ಕೆರೆಯಂಗಳದಲ್ಲಿದೆ. ತುಂಗಭದ್ರೆಯ ನೀರನ್ನು ಎತ್ತಿ ಆ ತಾಲ್ಲೂಕುಗಳ ಕೆರೆಗಳಿಗೆ ತುಂಬಿಸುವ ಯೋಜನೆಗಳನ್ನು ಸರ್ಕಾರ ರೂಪಿಸಿದೆ. ಎತ್ತಿ ತಂದ ನೀರು ನಿಲ್ಲಬೇಕಾದರೂ ಕೆರೆಗೆ ಏರಿ ಬೇಕು, ಆ ಏರಿಯನ್ನು ಕಾಯುವ ಜನ ಊರಲ್ಲಿರಬೇಕು. ಅಂಕಸಮುದ್ರದ ಜನ ತಮ್ಮ ಕೆರೆಯ ಹಕ್ಕಿಗಳನ್ನು ಕಾಯಬಲ್ಲರಾದರೆ ಕೆರೆಯನ್ನು ಕಾಯುವ ಶಕ್ತಿ ಆ ಸೀಮೆಗಿದೆ ಎಂದೇ ಅರ್ಥ. ನೀವು ಬರೆದು ತಂದ ವಿವರಗಳನ್ನು ಅಲ್ಲಿಯ ಪಂಚಾಯಿತಿಗಳಿಗೆ, ಅಲ್ಲಿಯ ಯುವಕರಿಗೆ ಕಳುಹಿಸೋಣ. ಮೇಲಿನ ಹೊಳೆಯವರೂ ಕೆಳಗಿನ ಹೊಳೆಯವರೂ ಒಂದೇ ಪತ್ರದಲ್ಲಿ ಸಹಿ ಹಾಕಿದರೆ ಅದಕ್ಕೆ ತೂಕ ಹೆಚ್ಚು.

ಕಾಡನ್ನು ಉಳಿಸುವ ಕೆಲಸವನ್ನು ನಾವು ಬಹುಕಾಲದಿಂದ ಮಾಡುತ್ತ ಬಂದಿದ್ದೇವೆ. 1983ರಲ್ಲಿ ಸಲ್ಕಣಿಯ ಜನ ಮರವನ್ನು ಅಪ್ಪಿಕೊಂಡು ನಿಂತಾಗ ಅವರು ಕಾಪಾಡಿದ್ದು ಮರವೊಂದನ್ನೇ ಅಲ್ಲ, ಆ ಮರದ ನೆರಳನ್ನು ನಂಬಿ ಬದುಕುವವರೆಲ್ಲರನ್ನೂ. ಆ ನೆರಳಿನಲ್ಲಿ ಈಗ ಮೂರು ತಿಂಗಳ ಮಟ್ಟಿಗೆ ಕುಳಿತಿರುವವರು ಕೊಟ್ಟೂರಿನ, ಹಡಗಲಿಯ, ಹರಪನಹಳ್ಳಿಯ ಮಕ್ಕಳು. ಅವರ ಹೆಸರು ಕೇಳುವುದರಿಂದ ನಮ್ಮ ಕೆಲಸ ಆರಂಭವಾಗಲಿ.